ತೂಗಿ, ಎಳೆ ನೋಡಿ, ಆಮೇಲೆ ಕತ್ತರಿಸಿದ್ದು: ಬಾಲ್ಸಾ ಗ್ಲೈಡರ್ ಕೆಲಸದ ಟಿಪ್ಪಣಿ

ಬಾಲ್ಸಾ ಎನ್ನುವ ತುಂಬ ಹಗುರ ಮರದಲ್ಲಿ, ಒಂದೇ ನಕ್ಷೆಯಿಂದ ಎರಡು ಗ್ಲೈಡರ್ (ಎಂಜಿನ್ ಇಲ್ಲದ ಮಾದರಿ ವಿಮಾನ) ಕಟ್ಟಿದ್ದೇನೆ. ಎರಡರದ್ದೂ ರೆಕ್ಕೆಯ ತುದಿಯಿಂದ ತುದಿಗೆ 900 ಮಿ.ಮೀ., ರೆಕ್ಕೆಯ ಅಗಲ 120 ಮಿ.ಮೀ. ಮೊದಲನೆಯದು ಹಾರಾಟಕ್ಕೆ ಸಿದ್ಧವಾದಾಗ 113 ಗ್ರಾಂ ತೂಗಿತು, ಎರಡನೆಯದು 80 ಗ್ರಾಂ. ಅಂಟು ಅದೇ, ಕಾಗದ ಅದೇ, ಕೈಯೂ ಅದೇ. ಬದಲಾಗಿದ್ದು ಯಾವ ಶೀಟಿನಿಂದ ಯಾವ ಭಾಗ ಕತ್ತರಿಸಿದೆ ಅನ್ನುವುದು ಮಾತ್ರ. ಅಂಗಡಿಯ ಬಿಲ್ಲಿನಲ್ಲಿ ಶೀಟಿನ ದಪ್ಪ ಬರೆದಿರುತ್ತದೆ. ಒಳಗಿರುವ ಮರ ಎಂಥದ್ದು ಅಂತ ಬರೆದಿರುವುದಿಲ್ಲ. ಅದನ್ನು ನಾವೇ ಕಂಡುಕೊಳ್ಳಬೇಕು. ಬಾಲ್ಸಾ ಕೆಲಸ ಶುರು ಮಾಡುವವರಿಗೆ ಉಪಯೋಗವಾಗಲಿ ಎಂದು ಅಳತೆ, ತೂಕ, ಖರ್ಚು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಹಂತ 1: ಸಾಮಾನು

ಶಿವಮೊಗ್ಗದಲ್ಲಿ ಬಾಲ್ಸಾ ಸಿಗಲಿಲ್ಲ. ಬೆಂಗಳೂರಿನಿಂದ ಕೊರಿಯರ್‌ನಲ್ಲಿ ತರಿಸಿದೆ. ಶೀಟುಗಳೆಲ್ಲ 100 ಮಿ.ಮೀ. ಅಗಲ, 1000 ಮಿ.ಮೀ. ಉದ್ದ. 1 ಮಿ.ಮೀ. ದಪ್ಪದ್ದು 2 (ತಲಾ 110 ರೂ.), 1.5 ಮಿ.ಮೀ. 5 (ತಲಾ 130), 2 ಮಿ.ಮೀ. 3 (ತಲಾ 150), 3 ಮಿ.ಮೀ. 3 (ತಲಾ 180). ಇವುಗಳ ಜೊತೆಗೆ 6×6 ಮಿ.ಮೀ. ಕಡ್ಡಿ 4 (ತಲಾ 30), 8×10 ಮಿ.ಮೀ. ಕಡ್ಡಿ 2 (ತಲಾ 60). ಮರಕ್ಕೇ 2,100 ರೂಪಾಯಿ, ಕೊರಿಯರ್ 180.

ಉಳಿದದ್ದು: 0.1 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ 480, ಬಿಳಿ ಅಂಟು ಮತ್ತು ತಕ್ಷಣ ಹಿಡಿಯುವ ಸಯನೋ ಅಂಟು ಸೇರಿ 160, ಎನ್.ಸಿ. (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಮತ್ತು ಥಿನ್ನರ್ 220, ಗಾಳಿಪಟದ ತೆಳು ಕಾಗದ 40, ಬ್ಲೇಡು 90. ಒಟ್ಟು 3,270 ರೂ. ಸ್ಟೀಲ್ ಸ್ಕೇಲು, ಗುಂಡುಪಿನ್ನು, ಸ್ಯಾಂಡ್‌ಪೇಪರ್ ಮನೆಯಲ್ಲೇ ಇದ್ದವು. ಕೆಲಸದ ಹಲಗೆಗೆ ಹಳೆಯ ಸಾಫ್ಟ್‌ಬೋರ್ಡ್ ಹಾಕಿಕೊಂಡೆ.

ಅಡುಗೆಮನೆಯ ತಕ್ಕಡಿ ಸಾಲದು. ಅದು ಒಂದು ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ, ಇಲ್ಲಿ ಹಗುರ ಮರದ ಒಂದು ರಿಬ್ಬಿನ (ರೆಕ್ಕೆಗೆ ಆಕಾರ ಕೊಡುವ ಅಡ್ಡ ತುಂಡು) ತೂಕವೇ 0.15 ಗ್ರಾಂ ದಾಟುವುದಿಲ್ಲ. ಎಲ್ಲ ಸಾಮಾನಿನಲ್ಲಿ ಹೆಚ್ಚು ಬೆಲೆ ಬಾಳಿದ್ದು ಈ 480 ರೂಪಾಯಿಯ ತಕ್ಕಡಿ.

ಹಂತ 2: ಮೊದಲ ಗ್ಲೈಡರ್, ದಪ್ಪ ಮಾತ್ರ ನೋಡಿ ಕತ್ತರಿಸಿದ್ದು

ನಕ್ಷೆಯಲ್ಲಿ 2 ಮಿ.ಮೀ. ಅಂದರೆ 2 ಮಿ.ಮೀ. ಶೀಟು, ಮೇಲಿದ್ದದ್ದನ್ನು ಎತ್ತಿಕೊಂಡು ಕತ್ತರಿಸಿದೆ. ಮೂರು ಕಡೆ ಕೆಟ್ಟಿತು.

ಬಾಲದ ಅಡ್ಡ ರೆಕ್ಕೆ: 350×80 ಮಿ.ಮೀ., 2 ಮಿ.ಮೀ. ಶೀಟು. ಕಾಗದ ಅಂಟಿಸಿ ಲ್ಯಾಕರ್ ಬಳಿದು ರಾತ್ರಿ ಬಿಟ್ಟೆ. ಬೆಳಿಗ್ಗೆ ನೋಡಿದರೆ ಎಣ್ಣೆಗೆ ಬಿದ್ದ ಹಪ್ಪಳದಂತೆ ಎರಡೂ ಅಂಚು ಮೇಲೆದ್ದಿದ್ದವು. ಇನ್ನೊಂದು ಬದಿಗೂ ಕಾಗದ ಹಚ್ಚಿದೆ, ಭಾರ ಹೇರಿದೆ. ಭಾರ ಇರುವಷ್ಟು ಹೊತ್ತು ನೇರ, ತೆಗೆದ ಮೇಲೆ ಮತ್ತೆ ಬಾಗು. ಗ್ಲೈಡರ್ ಪ್ರತಿ ಸಲವೂ ಎಡಕ್ಕೆ ಸುತ್ತಿಕೊಂಡು ಇಳಿಯಿತು.

ರಿಬ್ಬುಗಳು: 1.5 ಮಿ.ಮೀ. ಶೀಟಿನವು. ರೆಕ್ಕೆಗೆ ಹಚ್ಚಿದ ಕಾಗದ ಒಣಗಿ ಬಿಗಿಯುತ್ತಿದ್ದಂತೆ ರಿಬ್ಬುಗಳ ಹಿಂಭಾಗ ಆಚೀಚೆ ವಾಲಿ ಹಿಂದಂಚು ಅಲೆಯಲೆಯಾಯಿತು.

ಮುಂದಂಚಿನ ಮೇಲುಹೊದಿಕೆ: 1 ಮಿ.ಮೀ. ಶೀಟನ್ನು ರಿಬ್ಬಿನ ಮೂಗಿನ ಮೇಲೆ ಬಗ್ಗಿಸುವಾಗ ಉದ್ದಕ್ಕೂ ಸೀಳಿತು. ಬಿಸಿನೀರಿನ ಬಟ್ಟೆ ಸುತ್ತಿ ನೆನೆಸಿ ಮತ್ತೆ ಬಗ್ಗಿಸಿದೆ, ಮತ್ತೆ ಸೀಳಿತು. ಕೊನೆಗೆ ಎರಡು ಪಟ್ಟಿ ಮಾಡಿ ಅಂಟಿಸಿದೆ. ಸೀಳು ಮುಚ್ಚಲು ಸುರಿದ ಸಯನೋ ಅಂಟಿನ ತೂಕವೇ ಮರದ ತೂಕಕ್ಕೆ ಸಮೀಪ ಬಂತು. ಮೆದು ಬಾಲ್ಸಾ ತೆಳುವಾದ ಅಂಟನ್ನು ಕುಡಿಯುತ್ತಲೇ ಹೋಗುತ್ತದೆ, ಸಾಕು ಅನ್ನುವುದೇ ಇಲ್ಲ.

ಬಾಗಬಾರದ ಕಡೆ ಬಾಗುವ ಮರ, ಬಾಗಬೇಕಾದ ಕಡೆ ಬಾಗದ ಮರ ಹಾಕಿದ್ದೆ. ಮೂರೂ ತೊಂದರೆಗೆ ಮೂಲ ಇದೊಂದೇ.

ಹಂತ 3: ತೂಕ

ಉಳಿದ ಶೀಟುಗಳನ್ನೂ ಮೊದಲ ಗ್ಲೈಡರ್‌ನಲ್ಲಿ ಮಿಕ್ಕ ತುಂಡುಗಳನ್ನೂ ಮೇಜಿನ ಮೇಲೆ ಹರಡಿ ಒಂದೊಂದಾಗಿ ತೂಗಿದೆ. ಕತ್ತರಿಸಿದ್ದವನ್ನು ತುಂಡಿನ ಅಳತೆ ಹಿಡಿದು ಪೂರ್ತಿ ಶೀಟಿನ ಲೆಕ್ಕಕ್ಕೆ ತಂದೆ. 1.5 ಮಿ.ಮೀ.ನ ಐದು ಶೀಟುಗಳು: 13.1, 16.0, 19.2, 24.1, 31.0 ಗ್ರಾಂ. ಒಂದೇ ದಪ್ಪ, ಒಂದೇ ಬೆಲೆ. ಆದರೆ ಹಗುರದ್ದಕ್ಕೂ ಭಾರದ್ದಕ್ಕೂ ಎರಡು ಪಟ್ಟಿಗಿಂತ ಹೆಚ್ಚು ಅಂತರ.

ಸಾಂದ್ರತೆಯ ಲೆಕ್ಕ ಸುಲಭ. 1.5 ಮಿ.ಮೀ. ಶೀಟಿನ ಗಾತ್ರ 150 ಘನ ಸೆಂ.ಮೀ. ಗ್ರಾಂ ತೂಕವನ್ನು 150ರಿಂದ ಭಾಗಿಸಿ 1000ದಿಂದ ಗುಣಿಸಿದರೆ ಘನ ಮೀಟರಿಗೆ ಇಷ್ಟು ಕಿಲೋ ಅಂತ ಬರುತ್ತದೆ. ನನ್ನ ಐದು ಶೀಟುಗಳು 87, 107, 128, 161, 207. ಹಳೆಯ ಇಂಗ್ಲಿಷ್, ಅಮೆರಿಕನ್ ನಕ್ಷೆಗಳಲ್ಲಿ "6 ಪೌಂಡ್ ಬಾಲ್ಸಾ" ಅಂತ ಬರೆದಿದ್ದರೆ ಅದು ಘನ ಅಡಿಯ ಲೆಕ್ಕ, 16ರಿಂದ ಗುಣಿಸಿಕೊಳ್ಳಿ. 6 ಪೌಂಡ್ ಅಂದರೆ 96 ಕಿಲೋ, 10 ಪೌಂಡ್ ಅಂದರೆ 160.

ಬಾಲ್ಸಾ ಎಂದರೆ ಸರಾಸರಿ 160 ಅಂತ ಹೇಳುವುದುಂಟು. ಆ ಸಂಖ್ಯೆ ನಂಬಿ ಕಟ್ಟಿದರೆ ನಾನು ಕಟ್ಟಿದ ಮೊದಲ ಗ್ಲೈಡರ್ ಆಗುತ್ತದೆ. ಈ ಮರ 40ರಿಂದ 340ರವರೆಗೂ ಸಿಗುತ್ತದೆ. ಎಲ್ಲವೂ ಒಂದೇ ಜಾತಿ, ಓಕ್ರೋಮಾ ಪಿರಮಿಡೇಲ್. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡಿನ ಮರ, ಮಾರುಕಟ್ಟೆಗೆ ಬರುವ ಬಹುಪಾಲು ಈಕ್ವೆಡಾರ್‌ನದು. ಆರರಿಂದ ಹತ್ತು ವರ್ಷಕ್ಕೇ ಕಡಿಯುವಷ್ಟು ಬೇಗ ಬೆಳೆಯುತ್ತದೆ. ಎಳೆ ವಯಸ್ಸಿನಲ್ಲಿ ಬೆಳೆದ ಒಳಭಾಗ ಹಗುರ, ಆಮೇಲೆ ತೊಗಟೆಯ ಕಡೆ ಸೇರುತ್ತಾ ಹೋಗುವುದು ಭಾರ. ಹಾಗಾಗಿ ಒಂದೇ ದಿಮ್ಮಿಯಿಂದ ಬಂದ ಎರಡು ಶೀಟೂ ಬೇರೆ ಬೇರೆ ತೂಗಬಹುದು. 31 ಗ್ರಾಂ ಶೀಟನ್ನು ಉದ್ದಕ್ಕೆ 25 ಮಿ.ಮೀ.ನ ನಾಲ್ಕು ಪಟ್ಟಿ ಮಾಡಿ ತೂಗಿದಾಗ ಒಂದು ಅಂಚಿನದು 6.9, ಇನ್ನೊಂದು ಅಂಚಿನದು 8.6 ಗ್ರಾಂ. ಶೀಟಿನ ಒಳಗೇ ಇಷ್ಟು ವ್ಯತ್ಯಾಸ ಇತ್ತು.

ತೂಗುವ ಕೆಲಸವನ್ನು ಒಂದೇ ದಿನ ಮುಗಿಸಿ. ಬೇಸಿಗೆಯಲ್ಲಿ 16.0 ಗ್ರಾಂ ಇದ್ದ ಶೀಟು ಆಷಾಢದ ಮಳೆಯಲ್ಲಿ 17.0 ತೂಗಿತು. ಗಾಳಿಯ ತೇವವನ್ನು ಅಷ್ಟು ಎಳೆದುಕೊಳ್ಳುತ್ತದೆ. ಇವತ್ತು ಕೆಲವು, ಮುಂದಿನ ತಿಂಗಳು ಕೆಲವು ತೂಗಿದರೆ ವಿಂಗಡಣೆ ತಪ್ಪುತ್ತದೆ.

ತೂಗಿದ ಮೇಲೆ ಪೆನ್ಸಿಲ್‌ನಲ್ಲಿ ಶೀಟಿನ ಮೂಲೆಯಲ್ಲಿ ಸಾಂದ್ರತೆ ಬರೆದು ನಾಲ್ಕು ಕಟ್ಟು ಮಾಡಿದೆ: 100ರ ಒಳಗೆ, 100ರಿಂದ 130, 130ರಿಂದ 180, ಅದರ ಮೇಲೆ.

ಹಂತ 4: ಎಳೆ

ತೂಕ ಅರ್ಧ ಮಾತ್ರ. ಉಳಿದರ್ಧ ನನಗೆ ಅರ್ಥವಾದದ್ದು ನಮ್ಮ ಬೀದಿಯ ಆಚಾರ್ರಿಂದ. ಬಾಗಿಲು, ಮಂಚ ಮಾಡುವವರು. ಬಾಲ್ಸಾ ಅವರು ಅದುವರೆಗೆ ಮುಟ್ಟಿರಲಿಲ್ಲ. ಶೀಟನ್ನು ಉಗುರಲ್ಲಿ ಒತ್ತಿ ನೋಡಿ, "ಬೂರುಗದ ಜಾತಿ ಇದ್ದಂಗಿದೆಯಲ್ಲ ಸರ್" ಅಂದರು. ನಿಜವೇ. ಬಾಲ್ಸಾ ಮತ್ತು ನಮ್ಮ ಬೂರುಗ ಒಂದೇ ಕುಟುಂಬದ ಮರಗಳು, ಬಾಲ್ಸಾ ಕಾಯಿಯೂ ಒಡೆದರೆ ಒಳಗೆ ಅರಳೆ.

"ಹಂಗಾದ್ರೆ ಬೂರುಗದಲ್ಲೇ ಮಾಡಬಹುದಾ ಆಚಾರ್ರೇ?" ಅಂತ ಕೇಳಿದೆ. ಒಂದು ತುಂಡು ತೆಳ್ಳಗೆ ಹತ್ತರಿ ಹೊಡೆದು ಕೊಟ್ಟರು. ತೂಗಿದರೆ ನನ್ನ 161ರ ಶೀಟಿಗಿಂತ ಎರಡು ಪಟ್ಟಿಗೂ ಹೆಚ್ಚು. ಬೆಂಕಿಕಡ್ಡಿಗೆ, ಪ್ಯಾಕಿಂಗ್ ಪೆಟ್ಟಿಗೆಗೆ ಸರಿ, ರಿಬ್ಬಿಗೆ ಆಗದು. ಆ ಪ್ರಯತ್ನ ಅಲ್ಲಿಗೆ ನಿಲ್ಲಿಸಿದೆ.

ಆಚಾರ್ರು ಮಾಡಿದ ಮುಖ್ಯ ಕೆಲಸ ಇನ್ನೊಂದು. ನಾನು ಶೀಟಿನ ಮುಖ ನೋಡುತ್ತಿದ್ದರೆ ಅವರು ಅದರ ಅಡ್ಡತುದಿ ನೋಡಿದರು. ಭೂತಗನ್ನಡಿ ಹಿಡಿದರೆ ತುದಿಯಲ್ಲಿ ಸಣ್ಣ ಗೆರೆಗಳು ಕಾಣುತ್ತವೆ, ಮರದ ತಿರುಳಿನಿಂದ ತೊಗಟೆಯ ಕಡೆಗೆ ಹೋಗುವ ಕಿರಣದೆಳೆಗಳು. ದಿಮ್ಮಿಯನ್ನು ಯಾವ ದಿಕ್ಕಿಗೆ ಕೊಯ್ದಿದ್ದಾರೆ ಎನ್ನುವುದಕ್ಕೆ ಈ ಗೆರೆಯೇ ಸಾಕ್ಷಿ. ಮಾಡೆಲ್ ಕಟ್ಟುವವರು ಇದನ್ನೇ ಎ, ಬಿ, ಸಿ ಗ್ರೇನ್ (ಎಳೆ) ಅಂತ ಕರೆಯುತ್ತಾರೆ.

ಎ ಗ್ರೇನ್: ಗೆರೆಗಳು ಶೀಟಿನ ದಪ್ಪದಲ್ಲಿ ನೆಟ್ಟಗೆ ನಿಂತಿರುತ್ತವೆ. ಮುಖದ ಮೇಲೆ ಉದ್ದುದ್ದ ಎಳೆ, ನಡುನಡುವೆ ಕಂದು ಗೀರು. ಎರಡೂ ಅಂಚು ಹಿಡಿದು ಒತ್ತಿದರೆ ಅಡ್ಡಕ್ಕೆ ಸಲೀಸಾಗಿ ಬಾಗಿ ಕೊಳವೆಯಾಗುತ್ತದೆ. ಬಾಗಿದ ಮೈ ಹೊದಿಸುವ ಕೆಲಸಕ್ಕೆ, ಸ್ಪಾರ್‌ಗೆ (ರೆಕ್ಕೆಯ ಉದ್ದಕ್ಕೂ ಹೋಗುವ ಆಧಾರದ ಕಡ್ಡಿ) ಒಳ್ಳೆಯದು. ಚಪ್ಪಟೆಯಾಗಿಯೇ ಇರಬೇಕಾದ ಬಾಲಕ್ಕೆ, ರಿಬ್ಬಿಗೆ ಬೇಡ.

ಸಿ ಗ್ರೇನ್: ಗೆರೆಗಳು ಮುಖಕ್ಕೆ ಸಮಾನಾಂತರವಾಗಿ ಮಲಗಿರುತ್ತವೆ. ಮುಖದ ಮೇಲೆ ಹೊಳೆಯುವ ಚುಕ್ಕೆ ಚುಕ್ಕೆ ಮಚ್ಚೆ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಮಿನುಗುತ್ತದೆ. ಅಡ್ಡಕ್ಕೆ ಬಾಗುವುದಿಲ್ಲ, ಒತ್ತಾಯಿಸಿದರೆ ಸೀಳುತ್ತದೆ. ರಿಬ್ಬು, ಬಾಲ, ಹಿಂದಂಚು ಇವಕ್ಕೆ ಇದೇ ಬೇಕು.

ಬಿ ಗ್ರೇನ್ ಎರಡರ ನಡುವಿನದು. ಗೆರೆ ಓರೆ, ಗುಣವೂ ಮಧ್ಯಮ. ಅಂಗಡಿಯಿಂದ ಬರುವುದರಲ್ಲಿ ಇದೇ ಹೆಚ್ಚು. ನನ್ನ ಒಂದು 3 ಮಿ.ಮೀ. ಶೀಟು ಒಂದು ಅಂಚಿನಲ್ಲಿ ಎ, ನಡುವೆ ಬಿ, ಇನ್ನೊಂದು ಅಂಚಿನಲ್ಲಿ ಬಹುತೇಕ ಸಿ ಆಗಿತ್ತು. ಅಂಥದ್ದನ್ನು ಪೂರ್ತಿ ಶೀಟಾಗಿ ನೋಡದೆ ಪಟ್ಟಿ ಪಟ್ಟಿಯಾಗಿ ನೋಡಬೇಕು.

ಈ ಕಣ್ಣಿನಿಂದ ಮೊದಲ ಗ್ಲೈಡರ್ ನೋಡಿದೆ. ಬಾಲಕ್ಕೆ ಹಾಕಿದ್ದು 175ರ ಎ ಗ್ರೇನ್. ರಿಬ್ಬುಗಳು 161ರ ಎ ಗ್ರೇನ್. ಸೀಳಿದ ಹೊದಿಕೆ 152ರ ಅಪ್ಪಟ ಸಿ. ಒಂದೂ ತನ್ನ ಜಾಗದಲ್ಲಿರಲಿಲ್ಲ.

ಹಂತ 5: ಬಾಲ

ಎರಡನೇ ಗ್ಲೈಡರ್ ಬಾಲದಿಂದ ಶುರು ಮಾಡಿದೆ. ಕಾರಣ ಇದೆ. ಸಮತೋಲದ ಬಿಂದುವಿನಿಂದ ಬಾಲ 420 ಮಿ.ಮೀ. ಹಿಂದೆ, ಸಮತೋಲಕ್ಕೆಂದು ಮೂಗಿನಲ್ಲಿಡುವ ಸೀಸ 160 ಮಿ.ಮೀ. ಮುಂದೆ. ಬಾಲದ ಒಂದು ಗ್ರಾಂಗೆ ಮೂಗಿನಲ್ಲಿ 2.6 ಗ್ರಾಂ ಸೀಸ ಬೇಕು. ಮೊದಲ ಬಾಲ, ನೆಟ್ಟಗಿನ ಫಿನ್ನು ಮತ್ತು ಕಾಗದ ಸೇರಿ 14 ಗ್ರಾಂ. ಹೊಸದು 95ರ ಸಿ ಗ್ರೇನ್, 2 ಮಿ.ಮೀ., ಎಲ್ಲ ಸೇರಿ 8 ಗ್ರಾಂ. ಉಳಿದದ್ದು 6 ಗ್ರಾಂ, ಅದರ ಹಿಂದೆ ಸುಮಾರು 16 ಗ್ರಾಂ ಸೀಸವೂ ಹೋಯಿತು. ಇಡೀ ವಿಮಾನದಲ್ಲಿ ಹಗುರ ಶೀಟು ಒಂದೇ ಇದ್ದರೆ ಅದು ಬಾಲಕ್ಕೆ ಹೋಗಬೇಕು.

ಕತ್ತರಿಸುವಾಗ ಒಂದು ಮಾತು. ಹಗುರ ಬಾಲ್ಸಾಗೆ ಗಟ್ಟಿ ಬಾಲ್ಸಾಗಿಂತ ಹರಿತವಾದ ಬ್ಲೇಡು ಬೇಕು. ಮೊಂಡಾದರೆ ಕತ್ತರಿಸದೆ ಜಜ್ಜುತ್ತದೆ. ಒಂದೇ ಸಲಕ್ಕೆ ಒತ್ತದೆ ಹಗುರವಾಗಿ ಮೂರು ನಾಲ್ಕು ಸಲ ಎಳೆದೆ. ಕಾಗದವನ್ನು ಎರಡೂ ಬದಿಗೆ ಒಂದೇ ಹೊತ್ತಿಗೆ ಹಚ್ಚಿ, ಲ್ಯಾಕರ್‌ಗೆ ಅಷ್ಟೇ ಥಿನ್ನರ್ ಬೆರೆಸಿ ಒಂದೇ ಕೈ ಬಳಿದು, ನಾಲ್ಕೂ ಮೂಲೆಗೆ ಅಡಿಯಲ್ಲಿ ಕಡ್ಡಿ ಕೊಟ್ಟು ಪಿನ್ನು ಹಾಕಿ ಒಣಗಿಸಿದೆ. ಗಾಳಿ ಎರಡೂ ಕಡೆ ಆಡಬೇಕು. ಬಾಗಲಿಲ್ಲ.

ಹಂತ 6: ಸ್ಪಾರ್ ಪರೀಕ್ಷೆ

ರೆಕ್ಕೆಯ ಬಲವೆಲ್ಲ ಸ್ಪಾರ್‌ನಲ್ಲಿ. ಇಲ್ಲಿ ತೂಕ ಉಳಿಸಬಾರದು. 62.4 ಗ್ರಾಂ ತೂಗಿದ 3 ಮಿ.ಮೀ. ಶೀಟಿನಿಂದ (208) 6 ಮಿ.ಮೀ. ಅಗಲದ ಕಡ್ಡಿಗಳನ್ನು ಉದ್ದಕ್ಕೆ ಸೀಳಿದೆ. ಎಳೆ ಪಕ್ಕಕ್ಕೆ ಹರಿದು ಅಂಚಿನಿಂದ ಹೊರಗೆ ಓಡಿದ್ದನ್ನು ಬದಿಗಿಟ್ಟೆ.

ತೂಕ ಸಮ ಇದ್ದ ಮಾತ್ರಕ್ಕೆ ಬಿಗಿಯೂ ಸಮ ಅಲ್ಲ. ಅದಕ್ಕೆ ಮೇಜಿನ ಅಂಚಿನಲ್ಲಿ ಕಡ್ಡಿಯನ್ನು ಅಡ್ಡಡ್ಡ ಮಲಗಿಸಿ ಕ್ಲಾಂಪ್ ಹಾಕಿ, 400 ಮಿ.ಮೀ. ಹೊರಗೆ ಚಾಚಿ, ತುದಿಗೆ 10 ಗ್ರಾಂ ಸೀಸ ತೂಗುಬಿಟ್ಟು ಎಷ್ಟು ಇಳಿಯಿತು ಅಂತ ಅಳೆದೆ. ಬಂದದ್ದು 31, 32, 33, 33, 44, 52 ಮಿ.ಮೀ. ಒಂದೇ ಶೀಟಿನ ಕಡ್ಡಿಗಳು! ಮೊದಲ ನಾಲ್ಕನ್ನು ರೆಕ್ಕೆಗೆ ತೆಗೆದುಕೊಂಡೆ: 31 ಮತ್ತು 33 ಎಡಕ್ಕೆ, 32 ಮತ್ತು 33 ಬಲಕ್ಕೆ. ಎಡಬಲ ಬಿಗಿ ಬೇರೆಯಾದರೆ ದಾರದಲ್ಲಿ ಎಳೆದು ಏರಿಸುವಾಗ ಒಂದು ರೆಕ್ಕೆ ಹೆಚ್ಚು ಬಾಗಿ ವಿಮಾನ ವಾಲುತ್ತದೆ. 52 ಬಂದ ಕಡ್ಡಿ ಮುಟ್ಟಿದರೆ ಗಟ್ಟಿಯಾಗಿಯೇ ಇತ್ತು, ಬೆರಳಿಗೆ ಗೊತ್ತಾಗುವಂಥದ್ದಲ್ಲ.

ಹಂತ 7: ರೆಕ್ಕೆ

ರಿಬ್ಬು 19. 87ರ ಸಿ ಗ್ರೇನ್ ಶೀಟು, ಎಳೆ ರಿಬ್ಬಿನ ಉದ್ದಕ್ಕೆ. ಪ್ಲೈವುಡ್ಡಿನ ಎರಡು ಅಚ್ಚುಗಳ ನಡುವೆ ತುಂಡುಗಳನ್ನು ಪೇರಿಸಿ ಪಿನ್ನು ಹಾಕಿ ಒಟ್ಟಿಗೆ ಉಜ್ಜಿದೆ. 19ಕ್ಕೂ ಸೇರಿ 2.6 ಗ್ರಾಂ.

ಮುಂದಂಚು 6×6 ಮಿ.ಮೀ. ಕಡ್ಡಿ, 130ರ ಆಸುಪಾಸಿನದು. ಹಿಂದಂಚು 15 ಮಿ.ಮೀ. ಅಗಲ, 125ರ 3 ಮಿ.ಮೀ. ಶೀಟಿನ ಸಿ ಭಾಗದಿಂದ. ಹೊದಿಕೆಗೆ 110ರ ಎ ಗ್ರೇನ್, 1 ಮಿ.ಮೀ. ಹೊರಮುಖಕ್ಕೆ ಮಾತ್ರ ಒದ್ದೆ ಬಟ್ಟೆ ಒರೆಸಿದೆ, ಶೀಟು ತಾನಾಗಿಯೇ ಬಾಗಲು ಶುರುವಾಯಿತು. ಬಿಳಿ ಅಂಟು, ಪಿನ್ನು, ಒಂದು ರಾತ್ರಿ. ಮೊದಲ ಸಲ ಅರ್ಧ ದಿನ ಹೆಣಗಿದ್ದ ಕೆಲಸ.

ತೊಡಕು ಬಂದದ್ದು ಉಜ್ಜುವಾಗ. ಮುಂದಂಚಿನ ಕಡ್ಡಿ ಗಟ್ಟಿ, ಪಕ್ಕದ ರಿಬ್ಬು ಮೆದು. ಸ್ಯಾಂಡ್‌ಪೇಪರ್ ಕಟ್ಟೆ ಗಟ್ಟಿಯದನ್ನು ಬಿಟ್ಟು ಮೆದುವನ್ನೇ ತಿನ್ನುತ್ತದೆ. ಎರಡು ರಿಬ್ಬಿನ ಮೂಗು ಅರ್ಧ ಮಿ.ಮೀ. ತಗ್ಗಾಯಿತು, ಮೇಲೆ ತುಂಡು ಅಂಟಿಸಿ ಸರಿಪಡಿಸಬೇಕಾಯಿತು. ಆಮೇಲೆ ರಿಬ್ಬಿನ ಮೇಲೆ ಸೆಲ್ಲೋಟೇಪು ಅಂಟಿಸಿಕೊಂಡು ಗಟ್ಟಿ ಕಡ್ಡಿಯನ್ನು ಮಾತ್ರ ಉಜ್ಜಿದೆ. ಕಾಗದ ಹಚ್ಚಿದ ರೆಕ್ಕೆ 29 ಗ್ರಾಂ. ಹಳೆಯದು 37.

ಹಂತ 8: ಮೂಗು ಮತ್ತು ಬೂಮು

ಬೂಮಿಗೆ, ಅಂದರೆ ಬಾಲವನ್ನು ಹಿಡಿದಿರುವ ಉದ್ದನೆಯ ದಂಡಕ್ಕೆ, 8×10 ಕಡ್ಡಿ, 170ರದು, ಬಾಲದ ಕಡೆ ಸಪೂರ ಮಾಡಿದ್ದು. ಮೂಗಿಗೆ ಪೆಟ್ಟು ತಾಳುವ ಜೋಡಣೆ ಬೇಕಿತ್ತು: ನಡುವೆ 3 ಮಿ.ಮೀ. ಬಾಲ್ಸಾ, ಎರಡೂ ಬದಿಗೆ 0.8 ಮಿ.ಮೀ. ಬರ್ಚ್ ಪ್ಲೈ. ಪ್ಲೈ ತುಂಡು ಮೊದಲಿನಿಂದಲೂ ನನ್ನ ಬಳಿ ಇತ್ತು.

ಈ ಜೋಡಣೆಗೆ ದೊಡ್ಡ ಇತಿಹಾಸವಿದೆ. 1940ರಲ್ಲಿ ಮೊದಲು ಹಾರಿದ ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಮಸ್ಕಿಟೋ ಯುದ್ಧವಿಮಾನದ ಒಡಲು ಹೀಗೆಯೇ ಆಗಿತ್ತು, ಬರ್ಚ್ ಪದರಗಳ ನಡುವೆ ಬಾಲ್ಸಾ, ಎರಡು ಅರ್ಧಗಳಾಗಿ ಅಚ್ಚಿನ ಮೇಲೆ ಕಟ್ಟಿ ಕೂಡಿಸಿದ್ದು. ಇಂದು ಗಾಳಿಯಂತ್ರಗಳ ರೆಕ್ಕೆಯ ಒಳಗೂ ಬಾಲ್ಸಾ ಇರುತ್ತದೆ, ಅಲ್ಲಿ ಎಳೆ ಮುಖಕ್ಕೆ ಲಂಬವಾಗಿ ನಿಲ್ಲುವಂತೆ ಅಡ್ಡಕ್ಕೆ ಕೊಯ್ದ ತುಂಡುಗಳು. 2020ರ ಸುಮಾರಿಗೆ ಆ ಬೇಡಿಕೆ ಏರಿ ಬೆಲೆ ಜಿಗಿಯಿತು, ಈಕ್ವೆಡಾರ್‌ನ ಅಮೆಜಾನ್ ಕಾಡುಗಳಲ್ಲಿ ಅಕ್ರಮ ಕಡಿತವೂ ನಡೆಯಿತು. ಆ ಮರವನ್ನು ಎಲ್ಲಿಂದೆಲ್ಲಿಗೋ ತರಿಸಿ, ತಪ್ಪು ಜಾಗಕ್ಕೆ ಹಾಕಿ ಬಿಸಾಡುವುದು ನನಗೆ ಮನಸ್ಸಿಗೆ ಬರುವುದಿಲ್ಲ. ಮಿಕ್ಕ ತುಂಡುಗಳನ್ನೂ ಸಾಂದ್ರತೆ ಬರೆದೇ ಎತ್ತಿಡುತ್ತಿದ್ದೇನೆ.

ಬೂಮು, ಮೂಗು ಸೇರಿ 19 ಗ್ರಾಂ.

ಹಂತ 9: ತೂಕದ ಲೆಕ್ಕ ಮತ್ತು ಹಾರಾಟ

ಹಳೆಯದು: ರೆಕ್ಕೆ 37, ಒಡಲು 20, ಬಾಲ 14, ಸೀಸ 42. ಒಟ್ಟು 113.
ಹೊಸದು: ರೆಕ್ಕೆ 29, ಒಡಲು 19, ಬಾಲ 8, ಸೀಸ 24. ಒಟ್ಟು 80.

ರೆಕ್ಕೆಯ ವಿಸ್ತೀರ್ಣ 10.8 ಚದರ ಡೆಸಿಮೀಟರ್. ಅಂದರೆ ಚದರ ಡೆಸಿಮೀಟರಿಗೆ 10.5 ಗ್ರಾಂ ಇದ್ದದ್ದು 7.4ಕ್ಕೆ ಇಳಿಯಿತು. ಮುಂಜಾನೆ ಗಾಳಿ ಏಳುವ ಮೊದಲು ಮೈದಾನದಲ್ಲಿ 15 ಮೀಟರ್ ದಾರದಿಂದ ಏರಿಸಿದಾಗ 30 ಸೆಕೆಂಡು ದಾಟಿ ನಿಂತಿತು, ನೇರವಾಗಿ, ನಿಧಾನವಾಗಿ. ಹಳೆಯದು ಒಮ್ಮೆಯೂ ನೇರ ಹಾರದ ಕಾರಣ ಅದರ ಸಮಯ ಹೋಲಿಸುವಂತಿಲ್ಲ.

ಇನ್ನೂ ಎರಡು ಕೆಲಸ ಬಾಕಿ. ಒಂದು, ಇಳಿಯುವಾಗ ಹುಲ್ಲಿನ ಬುಡಕ್ಕೆ ತಗುಲಿ ಎಡ ಹಿಂದಂಚು ಎರಡು ರಿಬ್ಬುಗಳ ನಡುವೆ ಉದ್ದಕ್ಕೆ ಸೀಳಿದೆ. ಸಿ ಗ್ರೇನ್‌ಗೆ ಇದು ಸಹಜ, ಬಿಗಿ ಕೊಡುತ್ತದೆ, ಪೆಟ್ಟು ತಾಳುವುದಿಲ್ಲ. ಹೊಸ ಹಿಂದಂಚನ್ನು 160ರ ಬಿ ಗ್ರೇನ್‌ನಲ್ಲಿ ಮಾಡಿ ನೋಡುತ್ತೇನೆ, ಒಂದು ಗ್ರಾಂ ಹೆಚ್ಚಾದರೂ ಅದು ಸಮತೋಲದ ಬಿಂದುವಿಗೆ ಹತ್ತಿರ ಇರುವುದರಿಂದ ಸೀಸ ಹೆಚ್ಚು ಬೇಡುವುದಿಲ್ಲ. ಎರಡನೆಯದು, ಮಳೆಗಾಲದಲ್ಲಿ ಬಲ ರೆಕ್ಕೆಯ ತುದಿ 2 ಮಿ.ಮೀ. ತಿರುಚಿಕೊಂಡಿದೆ. ಈಗಲೇ ಸರಿಪಡಿಸಿದರೆ ಒಣಹವೆ ಬಂದಾಗ ಇನ್ನೊಂದು ಕಡೆಗೆ ತಿರುಗಬಹುದು. ದೀಪಾವಳಿಯ ಹೊತ್ತಿಗೆ ಉಗಿ ಹಿಡಿದು, ಹಲಗೆಗೆ ಪಿನ್ನು ಹಾಕಿ ನೇರ ಮಾಡಬೇಕು.